ಗುಮಾಸ್ತ ಮಾತು ನಿಲ್ಲಿಸಿದ ದಿನ

ಒಂದು ಕೀ ಒತ್ತಿ, ಅದಕ್ಕೆ ಉತ್ತರ ಬರುವಷ್ಟರಲ್ಲಿ ಮೂರು ಮೀನು ಸ್ವಚ್ಛವಾಗುತ್ತಿದ್ದವು. ಐರಿ ಎಣಿಸಿಯೇ ನೋಡಿದ್ದಳು. ಅಡುಗೆಮನೆ ಮೇಜಿನ ಈ ತುದಿಗೆ ಹಳೆಯ ಪತ್ರಿಕೆ ಹಾಸಿ ಸುರಿದ, ಸಿಲಕ್ಕ ಎಂಬ ಸಣ್ಣ ಮೀನಿನ ರಾಶಿ, ಆ ತುದಿಗೆ ಲ್ಯಾಪ್‌ಟಾಪು. ತಲೆ ಮುರಿದು, ಹೊಟ್ಟೆಯೊಳಗೆ ಹೆಬ್ಬೆರಳು ತೂರಿಸಿ ಬಾಲದವರೆಗೆ ಜಾರಿಸಿದರೆ ಮುಳ್ಳಿನ ಸಾಲು ಪೂರ್ತಿ ಕೈಗೆ ಬರುತ್ತದೆ. ಅದಕ್ಕೆ ಕಣ್ಣು ಬೇಡ. ಮೂರನೆಯ ಮೀನನ್ನು ಬಟ್ಟಲಿಗೆ ಹಾಕಿ, ಕೈ ಒರೆಸಿಕೊಂಡು, ಕಿವಿಯನ್ನು ಅತ್ತ ಕೊಟ್ಟಳು.

“ಹೆ...” ಎಂದಿತು ಲ್ಯಾಪ್‌ಟಾಪು.

ನಾಲ್ಕನೆಯ ಮೀನು.

“...ಲ್ವಿ...”

ಐದನೆಯದು.

“...ಗೆ.”

“ಉಗುಳೋದಾದ್ರೆ ಒಂದೇ ಸಲ ಉಗುಳೋ ಮಾರಾಯ!” ಎಂದು ಐರಿ ಗದರಿದಳು.

ಐರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಪರದೆಯ ಮೇಲೆ ಬರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವೊಂದು ಅವಳ ಕಂಪ್ಯೂಟರಿನಲ್ಲಿತ್ತು. ಅದರ ಒಣಕಲು ಗಂಡು ದನಿಗೆ ಅವಳು ಗುಮಾಸ್ತ ಎಂದು ಹೆಸರಿಟ್ಟಿದ್ದಳು. ಉಳಿದ ದಿನಗಳಲ್ಲಿ ಗುಮಾಸ್ತ ಎಷ್ಟು ವೇಗವಾಗಿ ಓದುತ್ತಿದ್ದನೆಂದರೆ, ಮನೆಗೆ ಬಂದವರಿಗೆ ಅದು ಮಾತು ಅಂತಲೇ ತಿಳಿಯುತ್ತಿರಲಿಲ್ಲ, ಮರ ಕುಟ್ಟುವ ಹಕ್ಕಿ ಅಂದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಕೋಟ್ಕಾ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಂದೇ ಹೊತ್ತಿಗೆ ನಾಲ್ಕು ಜನರ ಮಾತು ಕೇಳಿಸಿಕೊಂಡ ಕಿವಿ ಅವಳದು, ಆ ವೇಗವೇ ಅದಕ್ಕೆ ಹಿತ. ಆದರೆ ನಿನ್ನೆ ಸಂಜೆಯಿಂದ ಗುಮಾಸ್ತ ಕುಡಿದವನ ಹಾಗೆ ತೊದಲುತ್ತಿದ್ದ. ಇವತ್ತು ಬೆಳಿಗ್ಗೆಯಿಂದ ಅಕ್ಷರ ಅಕ್ಷರಕ್ಕೂ ಏದುಸಿರು ಬಿಡುತ್ತಿದ್ದ.

ಬೇರೆ ದಿನವಾಗಿದ್ದರೆ ಐರಿ ಮುಚ್ಚಿಟ್ಟು ಸುಮ್ಮನಾಗುತ್ತಿದ್ದಳು. ಇವತ್ತು ಹಾಗಿರಲಿಲ್ಲ.

ಹೆಲ್ವಿ ಅವಳ ಅಕ್ಕ, ಆರು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೇ ಸ್ವೀಡನ್ನಿನ ನೇಯ್ಗೆ ಮಿಲ್ಲಿಗೆ ಸೇರಿ, ಮಗ್ಗಗಳ ಅಬ್ಬರದಲ್ಲಿ ನಲವತ್ತು ವರ್ಷ ದುಡಿದು, ಎರಡೂ ಕಿವಿ ಕಳೆದುಕೊಂಡವಳು. ಈಗ ಫೋನು ಮಾಡಿ ಉಪಯೋಗವಿಲ್ಲ. ಅಕ್ಕನಿಗೆ ಕೇಳಿಸುವುದಿಲ್ಲ, ತಂಗಿಗೆ ಕಾಣಿಸುವುದಿಲ್ಲ. ನಡುವೆ ಉಳಿದದ್ದು ಈ ಯಂತ್ರವೊಂದೇ. ಹವೆ, ಮಂಡಿನೋವು, ಕಾಫಿಪುಡಿಯ ಬೆಲೆ, ಸತ್ತವರ ಹೆಸರು, ಎಲ್ಲವೂ ಅದರಲ್ಲೇ ಹೋಗಿ ಬರುತ್ತಿತ್ತು. ಒಂದೇ ಒಂದು ಪ್ರಶ್ನೆಗೆ ಮಾತ್ರ ಐರಿ ನಾಲ್ಕು ವರ್ಷದಿಂದ ಉತ್ತರ ಕೊಟ್ಟಿರಲಿಲ್ಲ.

“ಏಳು ವರ್ಷದ ನಿನ್ನನ್ನು ಅಂಧರ ಶಾಲೆಗೆ ಕಳಿಸುವಾಗ ಸ್ಟೇಶನ್ನಿನಲ್ಲಿ ಒಂದು ಮಾತು ಹೇಳಿದ್ದೆ,” ಎಂದು ಹೆಲ್ವಿ ಆಗ ಬರೆದಿದ್ದಳು. “ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂತ. ಅಮ್ಮ ಹಾಗೆ ಹೇಳು ಅಂದಳು, ಹೇಳಿದೆ. ನೀನು ಮನೆಗೆ ಬಂದದ್ದು ಕ್ರಿಸ್ಮಸ್ಸಿಗೆ. ಅದು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ನನ್ನನ್ನು ಕ್ಷಮಿಸಿದ್ದೀಯಾ?”

ಐರಿ ಉತ್ತರ ಬರೆಯಲು ಕೂತಿದ್ದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಾಲ್ಕು ವರ್ಷದಲ್ಲಿ ಅದು ನಾಲ್ಕು ಪುಟವಾಗಿತ್ತು. ಕಳಿಸಿರಲಿಲ್ಲ.

ನಿನ್ನೆ ಹೆಲ್ವಿಯ ಸಂದೇಶ ಬಂತು. “ನಾಡಿದ್ದು ಬೆಳಿಗ್ಗೆ ಎದೆ ತೆರೆಯುತ್ತಾರೆ. ಈ ವಯಸ್ಸಿಗೆ ಮೇಜಿನಿಂದ ಏಳುತ್ತೇನೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ನಾಳೆ ಸಂಜೆ ನಾಲ್ಕಕ್ಕೆ ಉಂಗುರ, ಹಲ್ಲಿನ ಸೆಟ್ಟು, ಟ್ಯಾಬ್ಲೆಟ್ಟು ಎಲ್ಲವನ್ನೂ ತೆಗೆದು ಬೀಗ ಹಾಕಿಡುತ್ತಾರಂತೆ. ಅದಕ್ಕೆ ಮುಂಚೆ ಏನಾದರೂ ಹೇಳುವುದಿದ್ದರೆ ಹೇಳು ಐರಿ.”

ಸ್ವೀಡನ್ನಿನಲ್ಲಿ ನಾಲ್ಕು ಎಂದರೆ ಇಲ್ಲಿ ಐದು. ಮಣಿಕಟ್ಟಿನ ಗಡಿಯಾರದ ಮುಚ್ಚಳ ತೆರೆದು ಮುಳ್ಳುಗಳನ್ನು ಮುಟ್ಟಿ ನೋಡಿದಳು. ಹನ್ನೆರಡೂ ಕಾಲು.

ಅವಸರಪಟ್ಟು ಪದೇ ಪದೇ ಕೀ ಒತ್ತಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರ ಸುಮ್ಮನಿದ್ದರೂ ಒತ್ತಿದ್ದನ್ನೆಲ್ಲ ಎಲ್ಲೋ ಕೂಡಿಟ್ಟುಕೊಂಡಿರುತ್ತದೆ, ಎಚ್ಚರವಾದಾಗ ಎಲ್ಲವನ್ನೂ ಒಂದೇ ಉಸಿರಿಗೆ ಮಾಡಿ ಮುಗಿಸುತ್ತದೆ. ಹಾಗೆ ಒಮ್ಮೆ ಚರ್ಚಿನ ಗಾಯನ ತಂಡದವರಿಗೆಲ್ಲ ಒಂದೇ ಕಾಗದ ಹನ್ನೊಂದು ಸಲ ಹೋಗಿತ್ತು. ಅದಕ್ಕೇ ಮೀನು ಹಿಡಿದು ಕೂತಿದ್ದು. ಕೈಗೆ ಬೇರೆ ಕೆಲಸವಿದ್ದರೆ ಕೀಬೋರ್ಡಿನ ಕಡೆ ಹೋಗುವುದಿಲ್ಲ.

ಮೀನು ಮುಗಿಯಿತು. ಹೆಲ್ವಿಗೆ ಬರೆದಿಟ್ಟ ಕಾಗದ ತೆರೆಯಲಿಲ್ಲ.

ಸಹಾಯವಾಣಿಗೆ ಫೋನು ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಎಳೆಯ ಹುಡುಗಿಯೊಬ್ಬಳು ಬಂದಳು.

“ಪರದೆ ಕೆಳಗಡೆ, ಎಡಕ್ಕೆ, ಒಂದು ನೀಲಿ ಗುರುತು ಇದೆಯಲ್ಲ? ಅದರ ಮೇಲೆ ಮೌಸ್ ತನ್ನಿ.”

“ನಂಗೆ ಕಣ್ಣು ಕಾಣಲ್ಲಮ್ಮ. ಮೌಸೂ ಇಲ್ಲ. ಕೀಬೋರ್ಡಲ್ಲಿ ಏನ್ ಒತ್ಬೇಕು ಹೇಳು, ಒತ್ತೀನಿ.”

“ಹೌದಾ... ಹಾಗಾದ್ರೆ ಪಕ್ಕದಲ್ಲಿ ಕಣ್ಣು ಕಾಣೋರು ಯಾರಾದ್ರೂ ಇದ್ದಾರಾ?”

“ಇದ್ದಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?”

“ಅವರು ಬಂದ್ಮೇಲೆ ಮತ್ತೆ ಮಾಡಿ, ಆಯ್ತಾ?” ಎಂದು ಹುಡುಗಿ ಮರ್ಯಾದೆಯಿಂದಲೇ ಫೋನಿಟ್ಟಳು.

ಅಂಧರ ಸಂಘದಲ್ಲಿ ಕಂಪ್ಯೂಟರು ಬಲ್ಲ ಗೆಳೆಯನೊಬ್ಬನಿದ್ದ. ಅವನ ಫೋನು ಸ್ವಿಚ್ ಆಫ್ ಆಗಿತ್ತು. ಆಸ್ಪತ್ರೆಗೇ ಫೋನು ಮಾಡಿ ನರ್ಸಿನ ಕೈಲಿ ಹೇಳಿ ಕಳಿಸಬಹುದಿತ್ತು. ಆದರೆ ಐರಿಗೆ ಬರುತ್ತಿದ್ದ ಸ್ವೀಡಿಶ್ ನಮಸ್ಕಾರ ಹೇಳುವಷ್ಟೇ, ಮತ್ತೆ ಈ ವಿಷಯ ನರ್ಸಿನ ಬಾಯಲ್ಲಿ ಹೋಗುವಂಥದ್ದಲ್ಲ. ಕೀಲಿಗಳನ್ನು ಒಂದೊಂದಾಗಿ ಒತ್ತಿ, ಪ್ರತಿಯೊಂದಕ್ಕೂ ನೂರು ಎಣಿಸಿ, ಓಡುತ್ತಿದ್ದ ಕೆಲಸಗಳ ಪಟ್ಟಿಯನ್ನು ತೆರೆಸಲು ನೋಡಿದಳು. ಗುಮಾಸ್ತ “ಪ್ರತಿ...” ಎಂದ. ಆಮೇಲೆ “...ಕ್ರಿಯೆ...” ಎಂದ. ಆಮೇಲೆ ಏನೂ ಅನ್ನಲಿಲ್ಲ.

ನೂರು ಎಣಿಸಿದಳು. ಇನ್ನೂರು. ಆ ಮಾದರಿಯ ಲ್ಯಾಪ್‌ಟಾಪಿಗೆ ಫ್ಯಾನ್ ಕೂಡ ಇರಲಿಲ್ಲ, ಅದರ ಸದ್ದಾದರೂ ಬರಲು. ಸತ್ತಿದೆಯೋ, ದುಡಿಯುತ್ತಿದೆಯೋ? ತಗಡಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ನೋಡುವಂತೆ ನೋಡಿದಳು. ಬೆಚ್ಚಗಿತ್ತು. ಎರಡೂ ಮುಕ್ಕಾಲು.

ಎದ್ದು ಹೋಗಿ ಎದುರುಮನೆಯ ಬಾಗಿಲು ಬಡಿದಳು.

ತೌನೊ ಬಸ್ ಓಡಿಸಿ ನಿವೃತ್ತನಾದವನು. ಹನ್ನೆರಡು ವರ್ಷದಿಂದ ಎದುರುಬದುರು ಮನೆ, ಶನಿವಾರ ಕಟ್ಟಡದ ಸೌನಾದಲ್ಲಿ, ಬಿಸಿಹಬೆಯ ಸ್ನಾನದ ಕೋಣೆಯಲ್ಲಿ, ಸರದಿ ಒಬ್ಬರದಾದ ಮೇಲೆ ಒಬ್ಬರದು. ಚಪ್ಪಲಿ ಎಳೆಯುತ್ತ ಬಂದವನು ಅಡುಗೆಮನೆಗೆ ಕಾಲಿಟ್ಟದ್ದೇ ಕುರ್ಚಿಗೆ ಡಿಕ್ಕಿ ಹೊಡೆದ.

“ದೀಪ ಹಾಕೇ ಎಕ್ಸ್‌ಚೇಂಜಮ್ಮ! ಚಳಿಗಾಲ ಬಂದ್ರೆ ಮೂರಕ್ಕೇ ಕತ್ತಲು, ಗವಿ ಇದ್ದಂಗಿದೆ.”

“ನೀನೇ ಹಾಕ್ಕೊ. ಸ್ವಿಚ್ಚು ಬಾಗಿಲ ಹತ್ರ. ಆಮೇಲೆ ಇದನ್ನ ನೋಡು, ಏನ್ ಕಾಣುತ್ತೆ ಹೇಳು. ನಿನ್ನ ಕಣ್ಣು ಮಾತ್ರ ಸಾಕು, ಬುದ್ಧಿ ಬೇಡ.”

“ಬುದ್ಧಿ ತಂದೇ ಇಲ್ಲ ಬಿಡು.” ತೌನೊ ಬಗ್ಗಿದ. ಅವನ ಉಸಿರಿನ ಕಾಫಿ ವಾಸನೆ ಹತ್ತಿರ ಬಂತು. “ಏನೂ ಕಾಣಲ್ಲ ಕಣೇ. ಕಪ್ಪು.”

“ಕಪ್ಪು ಅಂದ್ರೆ?”

“ಕಪ್ಪು ಅಂದ್ರೆ ಕಪ್ಪು. ಒಲೆ ಒಳಗೆ ನೋಡ್ದಂಗೆ. ಒಂದು ಚುಕ್ಕೆ ಬೆಳಕಿಲ್ಲ. ಇದು ಹೋಗಿಬಿಟ್ಟಿದೆ ಐರಿ, ಆರಿಹೋಗಿದೆ.”

ಗುಮಾಸ್ತ ಮಾತಾಡುತ್ತಿಲ್ಲ, ಪರದೆಯೂ ಕಪ್ಪು. ಕಣ್ಣಿದ್ದವನು ನೋಡಿ ಹೇಳಿದ ಮೇಲೆ ಇನ್ನೇನು ಉಳಿಯಿತು? ಆರಿದ್ದನ್ನು ಮತ್ತೆ ಹೊತ್ತಿಸಬೇಕು, ಅಷ್ಟೆ. ಐರಿ ಪವರ್ ಗುಂಡಿಯ ಮೇಲೆ ಬೆರಳಿಟ್ಟು ಬಲವಾಗಿ ಒತ್ತಿ ಹಿಡಿದಳು. ಹತ್ತು ಎಣಿಸಿದಳು. ಬಿಟ್ಟು, ಮತ್ತೆ ಒತ್ತಿದಳು.

ಕಾದರು. ತೌನೊ ಹುರಿಯದ ಮೀನನ್ನೂ ಅವಳ ಮುಖವನ್ನೂ ನೋಡುತ್ತ ಕೂತಿರಬೇಕು, “ಯಾರ್ಗೆ ಬರೀತಿದ್ದೆ?” ಎಂದು ಮೆಲ್ಲಗೆ ಕೇಳಿದ.

“ಅಕ್ಕಂಗೆ. ನಾಳೆ ಆಪರೇಶನ್ನು. ಐದು ಗಂಟೆ ಒಳಗೆ ಹೋಗ್ಬೇಕು.”

“ನನ್ನ ಫೋನಿದೆಯಲ್ಲ. ನೀ ಹೇಳು, ನಾ ಒತ್ತೀನಿ.”

“ಬೇಡ.”

“ಯಾಕೆ, ನಾನೇನು ಊರಿಗೆಲ್ಲ ಡಂಗುರ ಹೊಡೀತೀನಾ?”

“ಹೊಡೀತೀಯ. ಬಸ್ಸಲ್ಲಿ ಮೂವತ್ತೈದು ವರ್ಷ ಅದನ್ನೇ ಮಾಡಿದ್ದೀಯ.”

ತೌನೊ ನಗಲು ಹೋಗಿ ನಿಲ್ಲಿಸಿದ. “ಓ! ಬೆಳಕು ಬಂತು ನೋಡು! ಏನೋ ಗುರುತು ಬಂದಿದೆ. ಸುತ್ತು ತಿರುಗ್ತಾ ಇದೆ. ಬದುಕ್ತು ಕಣೇ!”

ಇಪ್ಪತ್ತು ನಿಮಿಷ ಸುತ್ತು ತಿರುಗಿತು. ಕೊನೆಗೆ ಗುಮಾಸ್ತ ಕೆಮ್ಮಿದವನಂತೆ ಒಂದು ಸದ್ದು ಮಾಡಿ, “ಸಿ...ದ್ಧ” ಎಂದ.

ಅದೇ ಕ್ಷಣಕ್ಕೆ ತೌನೊ, “ಛೆ, ಮತ್ತೆ ಹೋಯ್ತಲ್ಲ! ಕಪ್ಪಾಯ್ತು,” ಎಂದ.

“ಇಲ್ಲ, ಮಾತಾಡ್ತಿದ್ದಾನೆ.”

“ಮಾತಾಡ್ತಿದ್ರೂ ಮುಖ ಕಪ್ಪು. ಅವನು ಬಾಯಿ ಬಿಟ್ಟ, ಇದು ಆರಿತು.”

ಐರಿಗೆ ಆಗ ನೆನಪಾಯಿತು. ಏಳು ವರ್ಷದ ಹಿಂದೆ ರೈಲಿನಲ್ಲಿ ಪಕ್ಕದವನೊಬ್ಬ ಪರದೆಯ ಮೇಲಿದ್ದ ಅವಳ ಕಾಗದ ಇಣುಕಿ ಓದಿ, ಅದರ ಬಗ್ಗೆ ಅವಳನ್ನೇ ಮಾತಾಡಿಸಿದ್ದ. ಅವತ್ತೇ ಅವಳು ಪರದೆಗೆ ಕತ್ತಲೆ ಹಾಕಿಸಿದ್ದಳು. ಗುಮಾಸ್ತ ಎಚ್ಚರವಿದ್ದಷ್ಟು ಹೊತ್ತೂ ಪರದೆ ಕಪ್ಪಾಗಿರಲಿ, ಯಾರಿಗೂ ಏನೂ ಕಾಣದಿರಲಿ ಅಂತ. ಕಾಣದವಳಿಗೆ ಅದು ಇದ್ದರೇನು, ಇಲ್ಲದಿದ್ದರೇನು? ಹಾಕಿಸಿದ್ದೇ ಮರೆತುಹೋಗಿತ್ತು.

“ಅದು ಸತ್ತಿರ್ಲಿಲ್ಲ ತೌನೊ,” ಎಂದಳು. “ನಾನೇ ಕತ್ತು ಹಿಸುಕಿದೆ.”

ಮೂರು ಕೀಲಿ ಒಟ್ಟಿಗೆ ಒತ್ತಿ ಕತ್ತಲೆ ತೆಗೆಸಿದಳು. ಆಮೇಲೆ ಉಸಿರು ಹಿಡಿದು, ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಇಳಿದು, ‘ಹೆಲ್ವಿಗೆ’ ಎಂಬ ಕಡತದ ಮೇಲೆ ನಿಂತು ತೆರೆ ಎಂದಳು. ಈ ಸಲ ತೆರೆಯಿತು. ಗುಮಾಸ್ತನ ಉತ್ತರಕ್ಕೆ ಕಾದಳು.

“ಖಾಲಿ.”

ಕೆಳಗಿನ ಸಾಲಿಗೆ ಇಳಿದಳು.

“ಖಾಲಿ.”

“ಬಿಳೀ ಹಾಳೆ ಕಾಣ್ತಿದೆ,” ಎಂದ ತೌನೊ. “ಏನೂ ಬರ್ದಿಲ್ಲ ಇದರಲ್ಲಿ. ಮೂಲೇಲಿ ಕೆಂಪಗೆ ಒಂದು ಚೌಕ ಇದೆ, ತಡಿ... ‘ಜಾಗ ಇಲ್ಲ, ಡಿಸ್ಕ್ ಭರ್ತಿಯಾಗಿದೆ’ ಅಂತ.”

ಅದೇ ಕಾಯಿಲೆ. ಹನ್ನೆರಡು ವರ್ಷದಿಂದ ಗ್ರಂಥಾಲಯದಿಂದ ಇಳಿಸಿಕೊಂಡ, ಕಿವಿಯಲ್ಲಿ ಕೇಳುವ ಪುಸ್ತಕಗಳನ್ನು ಅವಳು ಒಂದನ್ನೂ ಅಳಿಸಿರಲಿಲ್ಲ. ಮರದ ಕಪಾಟಾದರೆ ಪುಸ್ತಕ ಹೊರಚೆಲ್ಲಿ ಕಾಲಿಗೆ ತಾಗುತ್ತಿತ್ತು. ಇಲ್ಲಿ ಏನೂ ತಾಗಲಿಲ್ಲ. ನಿನ್ನೆ ಸಂಜೆ ಅವಳು ಮತ್ತೆ ತಿದ್ದಿದ ಆ ಕಾಗದವನ್ನು ಉಳಿಸಲು ತುಂಬಿದ ಯಂತ್ರ ಇನ್ನೂ ಹೆಣಗುತ್ತಿತ್ತು, ಉಳಿಸುವ ನಡುವೆಯೇ ಅವಳು ಗುಂಡಿ ಒತ್ತಿ ಹಿಡಿದಿದ್ದಳು.

“ನಾಲ್ಕು ವರ್ಷದಿಂದ ಬರ್ದಿದ್ದೆ, ನಾಲ್ಕು ಪುಟ.” ಐರಿ ಕುರ್ಚಿಗೆ ಒರಗಿದಳು. ನಾಳೆ ಹೆಲ್ವಿ ಹಾಗೇ ಹೋಗುತ್ತಾಳೆ. ತಂಗಿ ತನ್ನನ್ನು ದ್ವೇಷಿಸುತ್ತಲೇ ಉಳಿದಳು ಅಂದುಕೊಂಡು ಕಣ್ಣು ಮುಚ್ಚುತ್ತಾಳೆ.

“ಏನೇನಿತ್ತು ಅದರಲ್ಲಿ? ನೆನಪಿದ್ರೆ ಮತ್ತೆ ಬರಿ,” ಎಂದ ತೌನೊ.

ನೆನಪಿರದೆ ಏನು? ಎಲ್ಲ ಬಾಯಿಪಾಠವಾಗಿತ್ತು. ಶಾಲೆಯ ಉದ್ದ ಪಡಸಾಲೆ, ಗಂಜಿಯ ವಾಸನೆ, ಶುಕ್ರವಾರ ಸಂಜೆ ಕಿಟಕಿಯ ಕೆಳಗೆ ಕೂತದ್ದು, ಕೊನೆಗೆ ‘ಎಲ್ಲವನ್ನೂ ಎಂದೋ ಕ್ಷಮಿಸಿದ್ದೇನೆ’ ಎಂಬ ದೊಡ್ಡ ಮಾತು. ಎಲ್ಲ ಇತ್ತು, ನಿಜವೊಂದನ್ನು ಬಿಟ್ಟು. ಆ ದೊಡ್ಡ ಮಾತಿಗೆ ಬಂದಾಗಲೆಲ್ಲ ಅವಳ ಬೆರಳು ನಿಲ್ಲುತ್ತಿತ್ತು. ಕಳಿಸದೆ ಉಳಿದದ್ದು ಅದಕ್ಕೇ. ಸ್ಟೇಶನ್ನಿನಲ್ಲಿ ಅಕ್ಕ ಹೇಳಿದ್ದು ಸುಳ್ಳು ಅಂತ ಏಳು ವರ್ಷದ ಐರಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ರೈಲು ಹತ್ತಿದ್ದಳು. ಗೊತ್ತಿತ್ತು ಅಂತ ಅರವತ್ತು ವರ್ಷ ಹೇಳಿರಲಿಲ್ಲ.

“ಮೊದ್ಲು ಜಾಗ ಮಾಡೋಣ,” ಎಂದಳು ಒಣ ದನಿಯಲ್ಲಿ. “ಪುಸ್ತಕಗಳ ಪಟ್ಟಿ ತೆಗೀತೀನಿ. ಎಷ್ಟಿವೆ ನೋಡು.”

“ಅಬ್ಬಬ್ಬ! ಬರೀ ಕೊಲೆ ಕಣೇ. ಬಂದರಿನ ಕೊಲೆ, ಸರೋವರದ ಕೊಲೆ, ಪಾದ್ರಿ ಮನೆ ಕೊಲೆ... ರಾತ್ರಿ ಒಬ್ಬಳೇ ಇದನ್ನೆಲ್ಲ ಕೇಳ್ತಾ ಮಲಗ್ತೀಯಾ? ಇನ್ಮೇಲೆ ನಿನ್ನ ಕಾಫಿ ಕುಡಿಯೋಕೂ ಭಯ.”

“ಎಲ್ಲಾ ಅಳಿಸ್ತೀನಿ. ಹೇಳು, ಏನಾಗ್ತಿದೆ?”

“ಹಸಿರು ಪಟ್ಟಿ ಬಂದಿದೆ. ‘ಇನ್ನು ಐವತ್ತು ನಿಮಿಷ’ ಅಂತ ತೋರಿಸ್ತಿದೆ.”

“ಈಗ ಗಂಟೆ?”

“ನಾಲ್ಕೂ ಹತ್ತು.”

ಅದು ಮುಗಿಯುವ ಹೊತ್ತಿಗೆ ಐದು ಹೊಡೆಯುತ್ತದೆ. ಅಳಿಸುವ ಕೆಲಸದ ಭಾರಕ್ಕೆ ಗುಮಾಸ್ತ ಮತ್ತೆ ತೊದಲಲು ಶುರುಮಾಡಿದ. ನಿನ್ನೆಯ ಸಂದೇಶ ತೆರೆದು, ಉತ್ತರ ಬರೆಯುವ ಜಾಗಕ್ಕೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ‘ಪ್ರೀತಿಯ’ ಎಂದು ಬರೆದರೆ ಅದರ ಮೊದಲ ಅಕ್ಷರ ಓದಲು ಅವನು ಅರ್ಧ ನಿಮಿಷ ತೆಗೆದುಕೊಂಡ. ಪ್ರತಿ ಅಕ್ಷರವನ್ನೂ ತಾನು ಓದಲೇಬೇಕೆಂದು ಹಟ ಹಿಡಿದು, ಅವಳ ಬೆರಳಿಗೆ ಅಡ್ಡ ನಿಂತಂತಿತ್ತು. ಯಂತ್ರದ ಇದ್ದಬದ್ದ ಉಸಿರನ್ನೆಲ್ಲ ತಾನೇ ತಿನ್ನುತ್ತಿದ್ದ.

“ಇವನನ್ನ ಆರಿಸ್ತೀನಿ,” ಎಂದಳು ಐರಿ.

“ಆಮೇಲೆ ನಿಂಗೆ ಗೊತ್ತಾಗೋದು ಹೇಗೆ?”

“ಗೊತ್ತಾಗಲ್ಲ.”

ಗುಮಾಸ್ತನನ್ನು ಆರಿಸಿದಳು. ಈ ಕಂಪ್ಯೂಟರು ಬಂದ ಮೇಲೆ ಮೊದಲ ಸಲ ಅವಳು ಮಾತಿಲ್ಲದ ಯಂತ್ರದ ಮುಂದೆ ಕೂತಳು. ಬಾವಿಯ ಅಂಚಿಗೆ ಕೂತ ಹಾಗಾಯಿತು. ಅಕ್ಷರ ಬಿದ್ದರೂ ಸದ್ದಿಲ್ಲ, ಬೀಳದಿದ್ದರೂ ಸದ್ದಿಲ್ಲ.

“ನೀನು ಆ ಕಡೆ ತಿರುಗು,” ಎಂದಳು.

“ತಿರುಗಿದೆ. ಕಿಟಕಿ ನೋಡ್ತಿದ್ದೀನಿ. ಏಳನೇ ನಂಬರ್ ಬಸ್ಸು ಬಂತು. ನಾಲ್ಕು ನಿಮಿಷ ಲೇಟು. ನನ್ನ ಕಾಲದಲ್ಲಿ ಆಗಿದ್ರೆ...”

“ತೌನೊ.”

“ಸುಮ್ನಿದ್ದೀನಿ.”

ಬೆರಳುಗಳನ್ನು, ಅವುಗಳಿಗೆ ಜಾಗ ತೋರಿಸುವ ಕೀಬೋರ್ಡಿನ ಎರಡು ಗುಬುಟುಗಳ ಮೇಲೆ ಸರಿಯಾಗಿ ಕೂರಿಸಿ ಐರಿ ಬರೆಯತೊಡಗಿದಳು. ಹಿಂದಿನ ಸಾಲು ಕೇಳಿಸಿಕೊಳ್ಳುವ ಹಾಗಿಲ್ಲ, ತಿದ್ದುವ ಹಾಗಿಲ್ಲ, ಹಿಂದಕ್ಕೆ ಹೋಗಿ ಮಾತಿಗೆ ಬಣ್ಣ ಹಚ್ಚುವ ಹಾಗಿಲ್ಲ. ಮುಂದಕ್ಕೆ ಮಾತ್ರ ಹೋಗಬಹುದು. ಹತ್ತು ನಿಮಿಷ ನಿಲ್ಲದೆ ಹೋದಳು. ಕೊನೆಯಲ್ಲಿ ತನ್ನ ಹೆಸರು ಬರೆದು ಕೈ ತೆಗೆದಳು.

ತೆಗೆದ ಕೂಡಲೇ ಭಯ ಹಿಡಿಯಿತು. ನಡುವೆ ಒಮ್ಮೆ ಎಡಗೈ ಎತ್ತಿ ಮೂಗು ಒರೆಸಿಕೊಂಡಿದ್ದಳು. ಮತ್ತೆ ಇಟ್ಟದ್ದು ಅದೇ ಜಾಗಕ್ಕೋ, ಒಂದು ಕೀ ಪಕ್ಕಕ್ಕೋ? ಪಕ್ಕಕ್ಕಾಗಿದ್ದರೆ ಅರ್ಧ ಕಾಗದ ಹುಚ್ಚರ ಗೀಚು. ಗುಮಾಸ್ತನನ್ನು ಎಬ್ಬಿಸಿ ಓದಿಸಲು ಹೊತ್ತಿಲ್ಲ. ಅದನ್ನು ಪಡೆದ ಹೆಲ್ವಿ ಏನಂದುಕೊಂಡಾಳು?

“ಗಂಟೆ ಎಷ್ಟು?”

“ಐದಕ್ಕೆ ಹದಿಮೂರು ನಿಮಿಷ.”

ರೈಲಿನ ಅಪರಿಚಿತನೊಬ್ಬ ಎರಡು ಸಾಲು ಇಣುಕಿದ್ದಕ್ಕೆ ಏಳು ವರ್ಷ ಕತ್ತಲೆ ಹಾಕಿದ್ದವಳು ಅವಳು. ಈ ಎದುರುಮನೆಯವನನ್ನು ನಾಳೆಯೂ ಮೆಟ್ಟಿಲಲ್ಲಿ ಎದುರಿಸಬೇಕು, ಶನಿವಾರವೂ, ಸಾಯುವ ತನಕವೂ.

“ಈ ಕಡೆ ತಿರುಗು,” ಎಂದಳು. “ಓದು. ಜೋರಾಗಿ.”

“ಎಲ್ಲಾನಾ?”

“ಮೊದಲಿಂದ ಕೊನೇವರೆಗೆ.”

ತೌನೊ ಕುರ್ಚಿ ಎಳೆದುಕೊಂಡ. ಕನ್ನಡಕದ ಕಡ್ಡಿ ಮಡಚಿದ ಸದ್ದು, ಬಿಚ್ಚಿದ ಸದ್ದು. ನಿಲ್ದಾಣಗಳ ಹೆಸರು ಕೂಗಿ ಒರಟಾದ ಆ ಗಂಟಲು, ಮೆಲ್ಲಗೆ ಓದತೊಡಗಿತು.

“‘ಪ್ರೀತಿಯ ಹೆಲ್ವಿ. ನೀನು ಕ್ಷಮೆ ಕೇಳಿದ್ದೆ. ಕೊಡಲು ನನ್ನ ಹತ್ತಿರ ಅದಿಲ್ಲ, ಏಕೆಂದರೆ ನೀನು ನನಗೆ ಮೋಸ ಮಾಡಲೇ ಇಲ್ಲ. ಹೊರಡುವ ಹಿಂದಿನ ದಿನ ಪೆಟ್ಟಿಗೆ ತೆರೆದು ಕೈಯಾಡಿಸಿದ್ದೆ. ತಳದಲ್ಲಿ ಉಣ್ಣೆಯ ಬೂಟು ಇತ್ತು. ಆಗಸ್ಟ್ ತಿಂಗಳಲ್ಲಿ, ಶುಕ್ರವಾರ ವಾಪಸ್ಸು ಬರುವವರಿಗೆ ಯಾರೂ ಉಣ್ಣೆಯ ಬೂಟು ಕಟ್ಟಿಕೊಡುವುದಿಲ್ಲ. ನನಗೆ ಆಗಲೇ ಗೊತ್ತಾಗಿತ್ತು. ಆದರೂ ಸುಮ್ಮನಿದ್ದೆ, ಏಕೆಂದರೆ ನನಗೆ ಹೋಗಬೇಕಿತ್ತು. ಅಲ್ಲಿ ಹುಡುಗಿಯರು ಬೆರಳಿನಲ್ಲಿ ಓದುತ್ತಾರೆ ಅಂತ ಕೇಳಿದ್ದೆ. ಸ್ಟೇಶನ್ನಿನಲ್ಲಿ ನೀನು ಅತ್ತೆ. ನಿನ್ನ ಕೈ ಒದ್ದೆಯಾಗಿತ್ತು.’”

ತೌನೊ ನಿಲ್ಲಿಸಿದ.

“ಅಕ್ಷರ ತಪ್ಪಿದೆಯಾ?” ಎಂದಳು ಐರಿ ಗಾಬರಿಯಿಂದ.

“ಇಲ್ಲ. ಎಲ್ಲಾ ನೆಟ್ಟಗಿದೆ. ಕನ್ನಡಕ ಮಂಜಾಯ್ತು.” ಮೂಗು ಸೀಟಿಕೊಂಡು ಮುಂದುವರಿಸಿದ. “‘ಆಮೇಲೆ ಶಾಲೆಯಲ್ಲಿ ನಾನೂ ಅತ್ತೆ, ಅದೂ ನಿಜ. ಆದರೆ ಅದು ನಿನ್ನಿಂದಲ್ಲ. ಸ್ವೀಡನ್ನಿನಿಂದ ನೀನು ಚಾಕಲೇಟು, ಸ್ವೆಟರು, ಹಣ ಕಳಿಸುತ್ತ ಹೋದೆ. ತಪ್ಪು ತೀರಿಸುತ್ತಿದ್ದೀಯ ಅಂತ ಗೊತ್ತಿದ್ದೂ ತೆಗೆದುಕೊಂಡೆ. ನಿಜ ಹೇಳಿದರೆ ನೀನು ನನ್ನನ್ನು ಅಷ್ಟು ನೆನೆಯುವುದಿಲ್ಲವೇನೋ ಅನ್ನುವ ಹೆದರಿಕೆ ನನಗೆ. ಕ್ಷಮೆ ಕೇಳಬೇಕಾದವಳು ನಾನು. ನಾಳೆ ಎದೆ ತೆರೆದಾಗ ಆ ಶುಕ್ರವಾರವನ್ನು ತೆಗೆದು ಬಿಸಾಕಿ ಆಮೇಲೆ ಹೊಲಿಯಲು ಹೇಳು. ಎದ್ದ ಮೇಲೆ ಬೈದು ಬರಿ. ಕಾಯುತ್ತಿರುತ್ತೇನೆ. ಐರಿ.’”

ತೌನೊ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ಇಷ್ಟೇನಾ?” ಎಂದ ತೌನೊ.

“ಇಷ್ಟೇ.”

“ನಾಲ್ಕು ವರ್ಷ ಹಿಡೀತಾ ಇಷ್ಟಕ್ಕೆ?”

“ಬಾಯ್ಮುಚ್ಚು. ಗಂಟೆ?”

“ಎಂಟು ನಿಮಿಷ ಇದೆ. ಕಳಿಸೇ, ಕಳಿಸು!”

ಐರಿ ಎರಡು ಕೀಲಿಗಳನ್ನು ಹುಡುಕಿ ಒಟ್ಟಿಗೆ ಒತ್ತಿದಳು. ಒಂದೇ ಸಲ. ಮತ್ತೆ ಒತ್ತದಿರಲೆಂದು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

“ಏನಾಯ್ತು?”

“ಸುತ್ತು ತಿರುಗ್ತಿದೆ.”

“ಈಗ?”

“ತಿರುಗ್ತಾನೇ ಇದೆ. ತಡ್ಕೊ. ತಿರುಗ್ತಿದೆ... ತಿರುಗ್ತಿದೆ...”

ಮೀನಿನ ವಾಸನೆಯ ಬೆರಳುಗಳು ತೊಡೆಯ ಕೆಳಗೆ ಮರಗಟ್ಟಿದವು. ಅವಳು ಎಣಿಸುತ್ತಿದ್ದಳು. ಎಂಬತ್ತಾರು, ಎಂಬತ್ತೇಳು.

ತೌನೊನ ದಪ್ಪ ಅಂಗೈ ಅವಳ ಭುಜದ ಮೇಲೆ ಬಂದು ಕೂತಿತು.

“ಹೋಯ್ತು ಐರಿ,” ಎಂದ. “‘ಕಳಿಸಲಾಗಿದೆ’ ಅಂತ ಬಂತು. ಹೋಯ್ತು.”